100 ವ್ಯಾಗನ್ ರೈಲಿನ ಮಾದರಿ: ಕಪ್ಲರ್ ಬಲ ಯಾಕೆ ಹುಚ್ಚೆದ್ದು ಕುಣಿಯುತ್ತದೆ?

ಪ್ರಶ್ನೆ: ನಮಸ್ತೆ ಮೇಡಂ. ಗೂಡ್ಸ್ ರೈಲಿನ ಕಪ್ಲರ್ (ವ್ಯಾಗನ್ನುಗಳನ್ನು ಜೋಡಿಸುವ ಕೊಂಡಿ) ಬಲ ಲೆಕ್ಕ ಹಾಕಲು ಪ್ರೋಗ್ರಾಂ ಬರೆದಿದ್ದೇನೆ. ಮುಂದೆ ಒಂದು ಲೋಕೋ, ಹಿಂದೆ 80 ಟನ್ನಿನ 100 ವ್ಯಾಗನ್. ಎರಡು ವ್ಯಾಗನ್ ನಡುವೆ ಮೀಟರಿಗೆ 8 ಕೋಟಿ ನ್ಯೂಟನ್ ಬಿಗಿತದ ಸ್ಪ್ರಿಂಗ್. ಆಯ್ಲರ್ ವಿಧಾನ (ಈಗಿನ ವೇಗ, ಬಲ ನೋಡಿ ಮುಂದಿನ ಕ್ಷಣಕ್ಕೆ ನೇರ ಹೆಜ್ಜೆ ಹಾಕುವ ಲೆಕ್ಕ), 0.1 ಸೆಕೆಂಡಿನ ಹೆಜ್ಜೆ. ಸ್ವಲ್ಪ ಹೊತ್ತಿಗೇ ಬಲ ಆಕಾಶಕ್ಕೆ ಹೋಗುತ್ತದೆ. ಅಕ್ಕಪಕ್ಕದ ಓಲಾಟವನ್ನೂ ಸೇರಿಸಿ ಮೂರು ಆಯಾಮದ ಮಾದರಿ ಮಾಡಬೇಕಾ?

ಉತ್ತರ: ಬೇಡ. ಕಪ್ಲರ್ ಬಲಕ್ಕೆ ವ್ಯಾಗನ್ನಿಗೊಂದು ಹಿಂದೆ-ಮುಂದೆ ಚಲನೆ ಸಾಕು. ತಿರುವಿನಲ್ಲಿ ಹಳಿ ತಪ್ಪುತ್ತದಾ ಎಂದು ನೋಡುವಾಗ ಮಾತ್ರ ಈ ಬಲವನ್ನು ಇನ್ನೊಂದು ಮಾದರಿಗೆ ಕೊಡಿ.

ನಿಮ್ಮ ತೊಂದರೆ ಇರುವುದು ಹೆಜ್ಜೆಯಲ್ಲಿ. 8 ಕೋಟಿಯನ್ನು 80,000 ಕಿಲೋದಿಂದ ಭಾಗಿಸಿ, 1,000 ಬರುತ್ತದೆ. ವರ್ಗಮೂಲ ಸುಮಾರು 32. ಇಂಥ ಸರಪಳಿಯ ಅತಿ ಚುರುಕಿನ ಕಂಪನ ಅದರ ಎರಡರಷ್ಟು, ಸೆಕೆಂಡಿಗೆ ಸುಮಾರು 63 ರೇಡಿಯನ್. 2π ಇಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 10 ಸಲ. ಒಂದು ಓಲಾಟ 0.1 ಸೆಕೆಂಡಿನಲ್ಲಿ ಮುಗಿದೇ ಹೋಗುತ್ತದೆ, ನಿಮ್ಮ ಹೆಜ್ಜೆಯೂ ಅಷ್ಟೇ ಉದ್ದ! ಜೊತೆಗೆ ಡ್ಯಾಂಪಿಂಗ್ (ಓಲಾಟ ತಗ್ಗಿಸುವ ತಡೆ) ಇಲ್ಲದ ಸ್ಪ್ರಿಂಗಿಗೆ ಆಯ್ಲರ್ ಹಾಕಿದರೆ ಎಷ್ಟು ಸಣ್ಣ ಹೆಜ್ಜೆಗೂ ಶಕ್ತಿ ಬೆಳೆಯುತ್ತಲೇ ಹೋಗುತ್ತದೆ. ಒಂದೊಂದು ಹೆಜ್ಜೆಯಲ್ಲೂ ಬಲವನ್ನು ನಾಲ್ಕು ಸಲ ನೋಡುವ ನಾಲ್ಕನೇ ದರ್ಜೆಯ ರುಂಗೆ-ಕುಟ್ಟಾ ವಿಧಾನ ಹಾಕಿ, ಹೆಜ್ಜೆ 1 ಮಿಲಿಸೆಕೆಂಡ್ ಇಡಿ.

ಆಮೇಲೆ ಆ ಸ್ಪ್ರಿಂಗನ್ನೇ ಬದಲಿಸಿ. ನಿಜವಾದ ಕಪ್ಲರಿನಲ್ಲಿ ಮೊದಲು ಸಡಿಲ ಇರುತ್ತದೆ, ಅದೇ ಸ್ಲ್ಯಾಕ್. ಒಂದೊಂದು ಜೋಡಣೆಗೆ 25 ಮಿಲಿಮೀಟರ್ ಅಂತ ಇಟ್ಟರೂ 100 ಜೋಡಣೆಗೆ ಎರಡೂವರೆ ಮೀಟರ್ ಆಯಿತು. ರೈಲು ಒತ್ತಿಕೊಂಡು ನಿಂತಿದ್ದರೆ, ಕೊನೆಯ ವ್ಯಾಗನ್ನಿಗೆ ಸುದ್ದಿ ಮುಟ್ಟುವಷ್ಟರಲ್ಲಿ ಲೋಕೋ ಅಷ್ಟು ದೂರ ಹೋಗಿರುತ್ತದೆ. ಮುಂದಿನವು ಆಗಲೇ ವೇಗ ಹಿಡಿದಿರುವುದರಿಂದ ಬಾಲಕ್ಕೆ ಬೀಳುವ ಜಗ್ಗು ಜೋರು.

ಸ್ಲ್ಯಾಕ್ ಮುಗಿದ ಮೇಲೆ ಡ್ರಾಫ್ಟ್ ಗೇರ್, ಅಂದರೆ ಕಪ್ಲರಿನ ಹಿಂದೆ ಕೂತು ಹೊಡೆತ ನುಂಗುವ ಭಾಗ. ಅದರೊಳಗೆ ಬೆಣೆಗಳು ಉಜ್ಜಿಕೊಂಡು ಜಾರುತ್ತವೆ. ಒತ್ತುವಾಗ ಬಲ ಒಂದು ದಾರಿಯಲ್ಲಿ ಏರುತ್ತದೆ, ಬಿಡುವಾಗ ತುಂಬಾ ಕೆಳಗಿನ ಇನ್ನೊಂದು ದಾರಿಯಲ್ಲಿ ಇಳಿಯುತ್ತದೆ. ಗ್ರಾಫಿನಲ್ಲಿ ಆ ಎರಡು ದಾರಿಗಳ ನಡುವಿನ ಜಾಗವೇ ಅದು ನುಂಗಿದ ಶಕ್ತಿ. ಇದು ಇಲ್ಲದಿದ್ದರೆ ನಿಮ್ಮ ರೈಲು ಸುಮ್ನೆ ಒಂದು ಉದ್ದದ ಸ್ಪ್ರಿಂಗ್.

ಪ್ರಶ್ನೆ: ಒತ್ತುವುದಕ್ಕೊಂದು, ಬಿಡುವುದಕ್ಕೊಂದು ಗೆರೆ ಹಾಕಿದೆ. ಈಗ ಅಕ್ಕಪಕ್ಕದ ಎರಡು ವ್ಯಾಗನ್ನುಗಳ ವೇಗದ ವ್ಯತ್ಯಾಸ ಸೊನ್ನೆ ಹತ್ತಿರ ಬಂದಾಗ ಬಲ ಪ್ರತಿ ಹೆಜ್ಜೆಗೂ ಮೇಲೆ-ಕೆಳಗೆ ನೆಗೆಯುತ್ತಿದೆ.

ಉತ್ತರ: ಎಲ್ಲರೂ ಬೀಳುವ ಗುಂಡಿ ಅದು. ಆ ವೇಗ ಪ್ಲಸ್ಸೋ ಮೈನಸ್ಸೋ ಎಂಬ ಚಿಹ್ನೆ ನೋಡಿ ಗೆರೆ ಬದಲಿಸಿದರೆ ಹೀಗೇ ಆಗುತ್ತದೆ. ಎರಡು ಗೆರೆಗಳ ನಡುವೆ ಕಡಿದಾದ, ಆದರೆ ಮಿತಿ ಇರುವ ಬಿಗಿತದಲ್ಲಿ ದಾಟಿಸಿ. ಸೊನ್ನೆಯ ಸುತ್ತ ಸಣ್ಣ ವೇಗದ ಪಟ್ಟಿ ಇಟ್ಟು ನಯ ಮಾಡುವವರೂ ಇದ್ದಾರೆ. ನಾನೂ ಶುರುವಿನಲ್ಲಿ ಆ ಪಟ್ಟಿಯನ್ನು ಅಗಲ ಮಾಡಿ, ಅಂದದ ಗ್ರಾಫ್ ಬಂತು ಅಂತ ಖುಷಿಪಟ್ಟಿದ್ದೆ. ನೋಡಿದರೆ, ನಿಂತ ರೈಲಿನ ಕಪ್ಲರಿನಲ್ಲಿ ಸಿಕ್ಕಿಕೊಂಡಿರಬೇಕಾದ ಬಲ ಮೆಲ್ಲಗೆ ಸೋರಿ ಹೋಗುತ್ತಿತ್ತು!

ಇನ್ನೊಬ್ಬ ಸದಸ್ಯರು: ಬ್ರೇಕನ್ನು ಎಲ್ಲ ವ್ಯಾಗನ್ನಿಗೂ ಒಟ್ಟಿಗೇ ಹಾಕಿದರೆ ಸಾಕಲ್ವಾ ಮೇಡಂ?

ಉತ್ತರ: ಎಲ್ಲವೂ ಒಂದೇ ಸಲ, ಒಂದೇ ತರ ನಿಧಾನವಾದರೆ ಒಂದನ್ನೊಂದು ನೂಕುವುದೇ ಇಲ್ಲ. ನೀವು ನೋಡಬೇಕಾದ್ದೇ ಮಾಯ. ಗಾಳಿ ಬ್ರೇಕಿನ ಸಂದೇಶ ಪೈಪಿನಲ್ಲಿ ಶಬ್ದಕ್ಕಿಂತ ವೇಗವಾಗಿ ಹೋಗಲಾರದು. ಸೆಕೆಂಡಿಗೆ 250 ಮೀಟರ್ ಅಂತ ಇಟ್ಟುಕೊಳ್ಳಿ. 14 ಮೀಟರಿನ 100 ವ್ಯಾಗನ್, ಅಂದರೆ 1,400 ಮೀಟರ್, 5.6 ಸೆಕೆಂಡ್. ಅಷ್ಟು ಹೊತ್ತು ಬಾಲ ಬ್ರೇಕಿಲ್ಲದೆ ಮುಂದಿನದರ ಮೇಲೆ ಏರಿ ಬರುತ್ತದೆ. ಸಿಲಿಂಡರ್ ತುಂಬುವ ಹೊತ್ತು ಬೇರೆ.

ಇಬ್ಬರಿಗೂ ಒಂದು ಮಾತು. ಇದೆಲ್ಲ ಸೇರಿಸುವ ಮೊದಲು ಸಮತಟ್ಟಾದ ಹಳಿಯಲ್ಲಿ, ಉರುಳು ತಡೆ ಸೊನ್ನೆ ಮಾಡಿ, ಮೆಲ್ಲಗೆ ಎಳೆದು ವೇಗೋತ್ಕರ್ಷವನ್ನು 0.05 ಮೀ/ಸೆ² ನಲ್ಲಿ ಸ್ಥಿರವಾಗಿಡಿ. ಲೋಕೋ ಹಿಂದಿನ ಕಪ್ಲರಿನಲ್ಲಿ 400 ಕಿಲೋನ್ಯೂಟನ್, ರೈಲಿನ ನಡುವೆ 200, ಕೊನೆಯದರಲ್ಲಿ 4 ಬರಬೇಕು.

ಪ್ರಶ್ನೆ: ಹೆಜ್ಜೆ ಬದಲಿಸಿದ ಮೇಲೆ ಕುಣಿತ ನಿಂತಿತು ಮೇಡಂ. ಕೊನೆಯದು 4 ಬಂತು. ಆದರೆ ಮೊದಲನೆಯದು 396 ತೋರಿಸುತ್ತಿದೆ. ಡ್ಯಾಂಪಿಂಗ್ ಜಾಸ್ತಿ ಆಯಿತಾ?

ಉತ್ತರ: ಡ್ಯಾಂಪಿಂಗ್ ಮುಟ್ಟಬೇಡಿ. ಕಡಿಮೆ ಬಿದ್ದಿರುವ 4 ಕಿಲೋನ್ಯೂಟನ್ ಸರಿಯಾಗಿ ಒಂದು ವ್ಯಾಗನ್ನಿನ ಪಾಲು. ಲೋಕೋ ಹಿಂದಿನ ಕಪ್ಲರ್ ಬಿಟ್ಟು ಮೊದಲ ವ್ಯಾಗನ್ನಿನ ಹಿಂದಿನದನ್ನು ಪ್ರಿಂಟ್ ಮಾಡುತ್ತಿದ್ದೀರಿ ಅನಿಸುತ್ತದೆ. ಎಣಿಕೆ 0 ಇಂದ ಶುರುವೋ, 1 ರಿಂದಲೋ?