ಮೀರಾ ಯಾಕೆ ನಂಬಬೇಕು?

(ಹತ್ತನೇ ಬಿ ಹಳೇ ಸಹಪಾಠಿಗಳ ಗ್ರೂಪ್, ಮಂಗಳೂರು)

ಹರೀಶ: ಪಿಡಿಎಫ್ ಹಾಕಿದ್ದೇನೆ, ಪುರುಸೊತ್ತು ಮಾಡಿ ಎಲ್ಲರೂ ಓದಿ. ದೀಪಾವಳಿ ವಿಶೇಷಾಂಕದ ಸ್ಪರ್ಧೆಗೆ ಕಳಿಸುವ ಕತೆ, ಸೈನ್ಸ್ ಫಿಕ್ಷನ್. ಮಲ್ಪೆ ಹತ್ರದ ಸೇಂಟ್ ಮೇರೀಸ್ ದ್ವೀಪದಿಂದ ಮೀರಾಳನ್ನು ಬಹುರೂಪಿಗಳು, ಅಂದ್ರೆ ಬೇಕಾದ ರೂಪ ತಾಳುವ ಅನ್ಯಲೋಕದವರು, ಹೊತ್ಕೊಂಡು ಹೋಗ್ತಾರೆ, ಕ್ಯಾಪ್ಟನ್ ಸುಧನ್ವ ಶನಿಗ್ರಹದ ಚಂದ್ರ ಟೈಟನ್ ತನಕ ಬೆನ್ನಟ್ಟಿ ಹೋಗಿ ಬಿಡಿಸಿ ತರ್ತಾನೆ. ಸೋಮವಾರ ಲಾಸ್ಟ್ ಡೇಟ್. ಬರೇ ಲಾಯ್ಕುಂಟು ಅಂತ ಹೇಳ್ಬೇಡಿ, ಎಲ್ಲಿ ಎಡವಟ್ಟಾಗಿದೆ ಅದನ್ನೂ ಹೇಳಿ

ಪ್ರವೀಣ: ಒಂದೇ ಸಲಕ್ಕೆ ಓದಿ ಮುಗಿಸಿದೆ ಮಾರಾಯ. ಕೊನೆಗೆ ಎರಡು ಮೀರಾ ಎದುರಿಗೆ ನಿಲ್ತಾರಲ್ಲ, ಹಡಗು ಸ್ಫೋಟ ಆಗ್ಲಿಕ್ಕೆ ನಾಲ್ಕೇ ನಿಮಿಷ, ಸುಧನ್ವ ಪ್ರಶ್ನೆ ಕೇಳಿ ಅಸಲಿ ಯಾರು ಅಂತ ಹಿಡಿಯುದು, ಅಲ್ಲಿ ಮೈ ಜುಂ ಅಂತು. ಒಂದು ಅಕ್ಷರ ಬದಲಿಸ್ಬೇಡ

ಶಶಿಕಲಾ: ದ್ವೀಪದ ಭಾಗ ಓದಿ ಖುಷಿ ಆಯ್ತು ಹರೀಶ. ಆ ಕಲ್ಲಿನ ಕಂಬಗಳ ಎಡೆಯಲ್ಲಿ ಹಡಗು ಅಡಗಿಸಿ ಇಟ್ಟದ್ದು. ನಾವು ಮಲ್ಪೆಯವರು ಹುಟ್ಟಿದಾರಭ್ಯ ನೋಡಿದ ಜಾಗ, ಆದ್ರೆ ಹಾಗೆ ಯೋಚನೆ ಮಾಡಿರ್ಲಿಲ್ಲ

ಇಮ್ತಿಯಾಜ್: ನನಗೊಂದು ತಕರಾರುಂಟು. ಐದನೇ ಪುಟದಲ್ಲಿ ಬಹುರೂಪಿ ಮನುಷ್ಯನ ರೂಪ ಬಿಟ್ಟು ಗರುಡ ಆಗಿ ಹಾರ್ತದೆ. ಮನುಷ್ಯ ಅರವತ್ತು ಕೆಜಿ ಅಂತ ಇಟ್ಕೊ, ಗರುಡ ಸುಮಾರು ಅರ್ಧ ಕೆಜಿ ಬರಬಹುದು. ಉಳಿದ 59 ಚಿಲ್ಲರೆ ಕೆಜಿ ಎಲ್ಲಿ ಹೋಯ್ತು? ಶಕ್ತಿ ಆಯ್ತು ಅಂತ ಹೇಳಿದ್ರೆ ಲೆಕ್ಕ ಹಾಕು, ಹಿರೋಷಿಮಾ ಬಾಂಬು ಸುಮಾರು 15 ಕಿಲೋಟನ್, ಅಂಥದ್ದು 80 ಸಾವಿರಕ್ಕಿಂತ ಜಾಸ್ತಿ ಒಟ್ಟಿಗೆ ಸಿಡಿದ ಹಾಗೆ ಆಗ್ತದೆ. ದ್ವೀಪವೂ ಇಲ್ಲ ಮಲ್ಪೆಯೂ ಇಲ್ಲ ಮಂಗಳೂರೂ ಇಲ್ಲ. ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಪಾಠ ಮಾಡುವವ ನಾನು, ಇದನ್ನು ಓದಿ ಸುಮ್ಮನೆ ಕೂತ್ಕೊಳ್ಳಿಕ್ಕೆ ಆಗುದಿಲ್ಲ

ಪ್ರವೀಣ: ಕತೆ ಮಾರಾಯ ಕತೆ

ಇಮ್ತಿಯಾಜ್: ಕತೆ ಸರಿ, ಸೈನ್ಸ್ ಅಂತ ಹೆಸರು ಹಾಕಿದ್ದಾನಲ್ಲ

ಶಶಿಕಲಾ: ರೂಪ ಬದಲಿಸ್ಲಿಕ್ಕೆ ತೂಕ ಬದಲಿಸಬೇಕು ಅಂತ ಇಲ್ಲ ಇಮ್ತಿಯಾಜ್. ಬೊಂಡಾಸ್ (ಸ್ಕ್ವಿಡ್) ಜಾತಿಯವು ನೋಡು, ಚರ್ಮದಲ್ಲಿ ಸಣ್ಣ ಸಣ್ಣ ಬಣ್ಣದ ಚೀಲ, ಸುತ್ತ ಇರುವ ಸ್ನಾಯು ಎಳೆದ್ರೆ ಚೀಲ ಅಗಲ ಆಗ್ತದೆ ಬಿಟ್ರೆ ಮುದುಡ್ತದೆ, ಸೆಕೆಂಡಿನ ಒಳಗೆ ಮೈಬಣ್ಣ ಬೇರೆ. ಇಂಡೋನೇಷ್ಯಾದ ಸುಲಾವೆಸಿ ಹತ್ರ 1998ರಲ್ಲಿ ಒಂದು ಆಕ್ಟೋಪಸ್ ಸಿಕ್ಕಿತ್ತು, ಅದು ಕೈಕಾಲು ಒಂದೊಂದು ರೀತಿ ಹಿಡಿದು ಸಮುದ್ರದ ಹಾವಿನ ಹಾಗೆ, ಚಪ್ಪಟೆ ಮೀನಿನ ಹಾಗೆ ಎಲ್ಲ ಕಾಣ್ತದೆ. ಆದ್ರೆ ತೂಕ ಇದ್ದಷ್ಟೇ ಇರ್ತದೆ

ಹರೀಶ: ಹಾಗಾದ್ರೆ ನಿಯಮ ಇಡುವ. ರೂಪ ಏನೂ ಆಗ್ಲಿ ತೂಕ ಬದಲಾಗ್ಲಿಕ್ಕಿಲ್ಲ. ಗರುಡ ಬೇಡ, ಸಮುದ್ರಕ್ಕೆ ಹಾರಿ ದೊಡ್ಡ ಮೀನಾಗಿ ಹೋಗ್ಲಿ

ಇಮ್ತಿಯಾಜ್: ಈಗ ಸರಿ. ಟೈಟನ್ನಿನವರು ಅಂತ ಬೇರೆ ಬರ್ದಿದ್ದಿ, ಅಲ್ಲಿ ಗುರುತ್ವ ನಮ್ಮದರ ಏಳರಲ್ಲಿ ಒಂದು ಪಾಲು. ಗಟ್ಟಿ ಎಲುಬು ಬೇಕಂತ ಇಲ್ಲ, ಹಗೂರ ಮೈಯವರು ಅಂತ ಮಾಡು. ಮನುಷ್ಯನಷ್ಟೇ ಗಾತ್ರ ಆದ್ರೆ 45 ಕೆಜಿ

ವಿನೀತಾ: ನೀವೆಲ್ಲ ಹಕ್ಕಿಯ ತೂಕ ಹಾಕ್ತಾ ಇರಿ. ನನಗೆ ಕೊನೆಯ ಪುಟ ಓದಿ ನಿಜವಾಗ್ಲೂ ಸಿಟ್ಟು ಬಂದದ್ದು ಬೇರೆ ವಿಷಯಕ್ಕೆ. ಹರೀಶ ನಿನ್ನ ಎರಡನೇ ಪುಟ ನೀನೇ ಮತ್ತೊಮ್ಮೆ ಓದು. ಮೀರಾಳನ್ನು ಹೊತ್ಕೊಂಡು ಹೋದದ್ದು ಹೇಗೆ? ಬಹುರೂಪಿ ಸುಧನ್ವನ ಮುಖ ಹಾಕ್ಕೊಂಡು ದೋಣಿಯಲ್ಲಿ ಬರ್ತದೆ, ಸುಧನ್ವನ ದನಿಯಲ್ಲಿ ಬಾ ಅಂತ ಕರೀತದೆ, ಅವಳು ನಂಬಿ ಹೋಗ್ತಾಳೆ. ಇಷ್ಟಾದ ಮೇಲೆ ಅಲ್ಲಿ ಟೈಟನ್ ಹತ್ರ ಕೋಣೆಯ ಬಾಗಿಲು ತೆಗೆದು ಇನ್ನೊಬ್ಬ ಸುಧನ್ವ ಒಳಗೆ ಬಂದ ಕೂಡ್ಲೇ "ಬಂದ್ಯಾ" ಅಂತ ಓಡಿ ಹೋಗಿ ಅಪ್ಪಿಕೊಳ್ತಾಳಾ? ಯಾರಾದ್ರೂ ಹಾಗೆ ಮಾಡ್ತಾರಾ? ಸುಧನ್ವ ಅವಳನ್ನು ಪರೀಕ್ಷೆ ಮಾಡ್ಬಹುದು, ಅವನಿಗೆ ಸಂಶಯ ಬರಬಹುದು, ಅವಳಿಗೆ ಬರಬಾರದಾ? ಅವಳೇ ಅಲ್ವಾ ಮೋಸ ಹೋದದ್ದು. ಮುನ್ನೂರು ಪ್ರಶ್ನೆ ಕೇಳುವ ಹಕ್ಕಿರುದು ಅವಳಿಗೆ

ಪ್ರವೀಣ: ವಿನೀತಾ ನಾಲ್ಕು ನಿಮಿಷ ಉಂಟು ಅಷ್ಟೇ. ಅವಳು ಇಂಟರ್‌ವ್ಯೂ ಮಾಡ್ತಾ ಕೂತ್ರೆ ಇಬ್ಬರೂ ಸಾಯ್ತಾರೆ. ಹೀರೋ ಅಷ್ಟು ದೂರದಿಂದ ಜೀವ ಕೈಯಲ್ಲಿ ಹಿಡ್ಕೊಂಡು ಓಡಿ ಬಂದಿದ್ದಾನೆ ಅವನ ಎದುರು ನಿಂತು ನೀನು ಯಾರು ಅಂತ ಕೇಳುದಾ? ಓದುವವರಿಗೆ ಬೇಜಾರಾಗ್ತದೆ

ವಿನೀತಾ: ಎರಡು ಮೀರಾರನ್ನು ನಿಲ್ಲಿಸಿ ಪ್ರಶ್ನೆ ಕೇಳ್ಲಿಕ್ಕೆ ಅವನಿಗೆ ಟೈಮ್ ಇತ್ತಲ್ಲ ಪ್ರವೀಣ. ಅದೇ ನಾಲ್ಕು ನಿಮಿಷದ ಒಳಗೆ

ಗುರುದತ್ತ: ತಾಳಮದ್ದಳೆಗೆ ಹೋಗಿದ್ದೆ, ಈಗ ನೋಡ್ತಾ ಇದ್ದೇನೆ. ವಿನೀತಾ ಹೇಳುದು ಸರಿಯೇ, ಮತ್ತು ಅದು ಹೊಸತೂ ಅಲ್ಲ. ಸುಂದರಕಾಂಡ ತೆಗೆದು ನೋಡಿ. ಹನುಮಂತ ಅಶೋಕವನಕ್ಕೆ ಬಂದು ರಾಮದೂತ ಅಂತ ಹೇಳಿದ ಕೂಡ್ಲೇ ಸೀತೆ ನಂಬ್ತಾಳಾ? ಇಲ್ಲ. ಸನ್ಯಾಸಿ ವೇಷದಲ್ಲಿ ಬಂದು ಮೋಸ ಮಾಡಿದವ ರಾವಣ, ಇದೂ ಅವನದ್ದೇ ಮಾಯೆ ಅಂತ ಅವಳಿಗೆ ಸಂಶಯ. ರಾಮನ ಲಕ್ಷಣ ಹೇಳು ಅಂತ ಅವಳೇ ಕೇಳ್ತಾಳೆ. ಅವನು ಅಂಗಾಂಗ ಎಲ್ಲ ವರ್ಣನೆ ಮಾಡಿ, ವಾನರರ ಸ್ನೇಹ ಹೇಗಾಯ್ತು ಹೇಳಿ, ಮತ್ತೆ ಉಂಗುರ ಕೊಡ್ತಾನೆ. ಅಲ್ಲಿಗೂ ಮುಗಿಯುದಿಲ್ಲ, ತಿರುಗಿ ಅವಳು ತನಗೂ ರಾಮನಿಗೂ ಮಾತ್ರ ಗೊತ್ತಿದ್ದ ಕಾಕಾಸುರನ ಕತೆ ಹೇಳಿ ಚೂಡಾಮಣಿ ಕೊಡ್ತಾಳೆ, ಯಾಕೆಂದರೆ ಅತ್ತ ರಾಮನಿಗೂ ಗುರುತು ಬೇಕು. ಎರಡೂ ಕಡೆಯಿಂದ ಪರೀಕ್ಷೆ. ನಮ್ಮ ಚೂಡಾಮಣಿ ಪ್ರಸಂಗದಲ್ಲಿ ಸೀತೆಯ ಅರ್ಥ, ಅಂದ್ರೆ ಅವಳ ಪಾತ್ರದ ಮಾತು, ಹೇಳುವಾಗ ನಾನು ಈ ಸಂಶಯವನ್ನೇ ಹಿಡ್ಕೊಳ್ಳುದು, ಹನುಮಂತನ ಅರ್ಥಧಾರಿ ಬೆವರಬೇಕು

ಪ್ರವೀಣ: ಅದು ಪುರಾಣ ಗುರು

ಗುರುದತ್ತ: ಪುರಾಣ ಆದ್ರೇನು, ವಿಷಯ ಅದೇ ಅಲ್ವಾ. ಮೈರಾವಣ ಕಾಳಗ ನೋಡಿದ್ದಿಯಲ್ಲ, ವಿಭೀಷಣನ ರೂಪದಲ್ಲಿ ಬಂದು ರಾಮ ಲಕ್ಷ್ಮಣರನ್ನೇ ಪಾತಾಳಕ್ಕೆ ಒಯ್ದದ್ದು, ಹನುಮಂತ ಹಿಂದೆಯೇ ಓಡಿದ್ದು. ಹರೀಶ ಬರೆದದ್ದು ಆ ಓಟವನ್ನೇ. ಮತ್ತೆ ಇಂದ್ರಜಿತು ಮಾಯಾಸೀತೆಯನ್ನು ರಥದಲ್ಲಿ ತಂದು ಎಲ್ಲರ ಎದುರು ಕಡೀತಾನೆ, ಆಗ ಹನುಮಂತನೇ ಅದು ನಿಜ ಸೀತೆ ಅಂತ ನಂಬಿ ಬಿಡ್ತಾನೆ, ರಾಮ ಮೂರ್ಛೆ ಹೋಗ್ತಾನೆ. ಕಣ್ಣಾರೆ ನೋಡಿ ಮಾತಾಡಿದವನೇ ಮೋಸ ಹೋದ. ಅಂದ್ರೆ ಸುಧನ್ವ ಎಷ್ಟು ಬುದ್ಧಿವಂತ ಆದ್ರೂ ಮುಖ ನೋಡಿ ಗೊತ್ತಾಗ್ತದೆ ಅಂತ ಹೇಳ್ಲಿಕ್ಕೆ ಬರುದಿಲ್ಲ

ಪ್ರವೀಣ: ಪ್ರೀತಿ ಇದ್ದವರಿಗೆ ಗೊತ್ತಾಗ್ತದೆ ಮಾರಾಯ. ಕಣ್ಣು ನೋಡಿದ್ರೆ ಸಾಕು. ಅಷ್ಟು ವರ್ಷ ಒಟ್ಟಿಗೆ ಕೆಲಸ ಮಾಡಿದವರು

ವಿನೀತಾ: ಎರಡನೇ ಪುಟದಲ್ಲಿ ಗೊತ್ತಾಗ್ಲಿಲ್ವಲ್ಲ

ವಿನೀತಾ: ಮತ್ತೆ ದಮಯಂತಿಗೆ ನಳನ ಮೇಲೆ ಪ್ರೀತಿ ಇರ್ಲಿಲ್ವಾ? ಸ್ವಯಂವರದಲ್ಲಿ ನಾಲ್ವರು ದೇವತೆಗಳು ನಳನ ರೂಪ ಹಾಕ್ಕೊಂಡು ಒಟ್ಟು ಐದು ನಳ ಕೂತಿರ್ತಾರೆ, ಅವಳಿಗೂ ಗೊತ್ತಾಗುದಿಲ್ಲ. ಬೆವರಿದವ ಯಾರು, ಕಣ್ಣು ಮಿಟುಕಿಸುವವ ಯಾರು, ಯಾರ ಹಾರ ಬಾಡಿದೆ, ಯಾರ ಕಾಲು ನೆಲಕ್ಕೆ ತಾಗಿದೆ, ಇಷ್ಟು ನೋಡಿ ಹಾರ ಹಾಕಿದ್ದು. ಪ್ರೀತಿ ಇದ್ದದ್ದಕ್ಕೇ ಅಷ್ಟು ಜಾಗ್ರತೆಯಿಂದ ನೋಡಿದ್ದು ಅವಳು

ಗುರುದತ್ತ: ಅದಕ್ಕೊಂದು ಮಾತು ಸೇರಿಸ್ತೇನೆ. ಆ ಗುರುತು ತೋರಿಸಿದ್ದು ದೇವತೆಗಳೇ, ದಮಯಂತಿ ಸತ್ಯದ ಮೇಲೆ ಆಣೆ ಇಟ್ಟು ಪ್ರಾರ್ಥನೆ ಮಾಡಿದ ಮೇಲೆ

ಪ್ರವೀಣ: ನೋಡು! ದೇವತೆಗಳಿಗೆ ಕನಿಕರ ಬಂತು ತೋರಿಸಿದ್ರು. ಬಹುರೂಪಿಗಳಿಗೆ ಬರ್ತದಾ? ಮೀರಾ ಎಂತ ಕೇಳಿದ್ರೂ ಪ್ರಯೋಜನ ಇಲ್ಲ

ಹರೀಶ: ನನಗೂ ಅಲ್ಲಿಯೇ ಕಷ್ಟ ಆಗುದು ವಿನೀತಾ. ನೀನು ಹೇಳಿದ್ದು ಮನಸ್ಸಿಗೆ ತಾಗಿತು. ಆದ್ರೆ ನನ್ನ ಕತೆಯಲ್ಲಿ ಬಹುರೂಪಿಗಳು ಮೀರಾಳನ್ನು ಹಿಡಿದ ದಿನವೇ ಅವಳ ನೆನಪು ಎಲ್ಲ ಓದಿಕೊಂಡಿದ್ದಾರೆ. ಅವಳು ಎಂತ ಪ್ರಶ್ನೆ ಕೇಳಿದ್ರೂ ಉತ್ತರ ಅವರಿಗೆ ಮೊದಲೇ ಗೊತ್ತುಂಟು. ಕಾಕಾಸುರನ ಕತೆ ಅವರಿಗೂ ಬಾಯಿಪಾಠ

ಫ್ಲೇವಿಯಾ: ಕೇಳಿ ಇಲ್ಲಿ, ದಿನಾ ಇಂಥ ಮೋಸ ನೋಡುದೇ ನನ್ನ ಕೆಲಸ. ಬ್ಯಾಂಕಿನಿಂದ ಅಂತ ಫೋನ್ ಬರ್ತದೆ, ನಿಮ್ಮ ಹೆಸರು ಹುಟ್ಟಿದ ದಿನ ಎಲ್ಲ ಸರಿಯಾಗಿ ಅವರೇ ಹೇಳ್ತಾರೆ, ಒಟಿಪಿ ಕೊಡಿ ಅಂತಾರೆ. ಜನ ಎಂತ ತಿಳ್ಕೊಳ್ಳುದು, ನನ್ನ ಬಗ್ಗೆ ಇಷ್ಟು ಗೊತ್ತುಂಟಲ್ಲ ಹಾಗಾದ್ರೆ ಬ್ಯಾಂಕಿನವರೇ ಅಂತ. ನಮ್ಮಿಂದಲೋ ಎಲ್ಲಿಂದಲೋ ಕದ್ದ ಮಾಹಿತಿಯನ್ನು ನಮಗೇ ಹೇಳಿದ್ರೆ ಅದು ಗುರುತಾಗುದಿಲ್ಲ. ಮೀರಾಳ ತಲೆಯಿಂದ ಕದ್ದದ್ದನ್ನು ಮೀರಾಳಿಗೆ ಹೇಳಿದ್ರೆ ಅದೇ ಕತೆ. ಅವಳು ಕೇಳ್ಬೇಕಾದ್ದು ಅವಳಿಗೆ ಗೊತ್ತಿರುವ ಸಂಗತಿ ಅಲ್ಲ. ಅವಳ ತಲೆಯಲ್ಲಿ ಇಲ್ಲದ್ದು ಆಗ್ಬೇಕು, ಆದ್ರೆ ಎದುರಿಗೆ ಬಂದಾಗ ಸರಿಯಾ ಅಂತ ಅವಳೇ ತಾಳೆ ನೋಡ್ಲಿಕ್ಕೆ ಆಗ್ಬೇಕು

ಗುರುದತ್ತ: ಉಂಗುರ! ಅದು ರಾಮನ ಕೈಯಲ್ಲಿದ್ದದ್ದು. ಲಂಕೆಯಲ್ಲಿ ಇರ್ಲಿಲ್ಲ, ಸೀತೆಯ ಹತ್ರ ಇರ್ಲಿಲ್ಲ

ಫ್ಲೇವಿಯಾ: ಹಾಂ ಅದು. ನಮ್ಮಲ್ಲಿ ಹೇಳುದು ಗುರುತು ಮೂರು ರೀತಿ, ಗೊತ್ತಿರುವಂಥದ್ದು ಒಂದು, ಕೈಯಲ್ಲಿ ಇರುವಂಥದ್ದು ಒಂದು, ಮೈಯೇ ಗುರುತಾಗುವಂಥದ್ದು ಒಂದು. ಕಾಕಾಸುರ ಮೊದಲನೇದು, ಉಂಗುರ ಎರಡನೇದು, ದಮಯಂತಿ ನೋಡಿದ ಬೆವರು ಮೂರನೇದು. ಮೊದಲನೇದು ಕಳವಾಗಿದೆ. ಉಂಗುರ ನೋಡಿದ ನೆನಪಿದ್ರೆ ನಕಲಿ ಮಾಡ್ಬಹುದು. ಉಳಿದದ್ದು ಮೈ

ಇಮ್ತಿಯಾಜ್: ಮೈ ಅಂದ್ರೆ ತೂಕ!! ಹರೀಶ ಕೇಳು. ಸುಧನ್ವ 78 ಕೆಜಿ ಅಂತ ಮೂರನೇ ಪುಟದಲ್ಲಿ ನೀನೇ ಬರ್ದಿದ್ದಿ. ಬಹುರೂಪಿ 45. ಮುಖ ದನಿ ನೆನಪು ಎಲ್ಲ ತರಬಹುದು, 33 ಕೆಜಿ ಎಲ್ಲಿಂದ ತರ್ತದೆ? ಹಡಗು ಟೈಟನ್ನಿಗೆ ಸುತ್ತು ಬರ್ತಾ ಉಂಟು, ಒಳಗೆ ಎಲ್ಲರೂ ತೇಲುದು, ತಕ್ಕಡಿ ಕೆಲಸ ಮಾಡುದಿಲ್ಲ. ಆದ್ರೆ ಸ್ಪ್ರಿಂಗ್ ಕುರ್ಚಿ ಮಾಡ್ತದೆ. 1973ರಲ್ಲಿ ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬಿನಲ್ಲೇ ಇತ್ತು, ಕುರ್ಚಿಯಲ್ಲಿ ಕೂತು ಬಿಟ್ರೆ ಹಿಂದೆ ಮುಂದೆ ಆಡ್ತದೆ, ಭಾರ ಹೆಚ್ಚಿದ್ರೆ ನಿಧಾನ, ಕಡಿಮೆ ಇದ್ರೆ ಬೇಗ ಬೇಗ. 45ಕ್ಕೂ 78ಕ್ಕೂ ಇರುವ ವ್ಯತ್ಯಾಸ ಕಣ್ಣಿಗೇ ಕಾಣ್ತದೆ. ಅರ್ಧ ನಿಮಿಷದ ಕೆಲಸ. ಪ್ರವೀಣನ ನಾಲ್ಕು ನಿಮಿಷದಲ್ಲಿ ಮೂರೂವರೆ ಉಳೀತದೆ

ಶಶಿಕಲಾ: ಮತ್ತೆ ಅವಳಿಗೆ ಅದು ಹೊಳೆಯುದು ಹೇಗೆ ಅಂತ ನಾನು ಹೇಳ್ತೇನೆ. ದೋಣಿಯಿಂದ. 78 ಕೆಜಿಯ ಗಂಡಸು ಸಣ್ಣ ದೋಣಿಯಿಂದ ಹಾರಿ ಇಳಿದ್ರೆ ದೋಣಿ ಹಿಂದಕ್ಕೆ ಹೋಗ್ತದೆ, ಒಂದು ಬದಿ ಏಳ್ತದೆ, ಯಾರಿಗೂ ಗೊತ್ತಾಗ್ತದೆ. ಆ ದಿವಸ ದೋಣಿ ಅಷ್ಟು ಅಲುಗಲಿಲ್ಲ. ಆಗ ಅವಳಿಗೆ ಲಕ್ಷ್ಯ ಇರ್ಲಿಲ್ಲ. ಕೋಣೆಯಲ್ಲಿ ಒಬ್ಬಳೇ ಕೂತು ಅದನ್ನೇ ಯೋಚನೆ ಮಾಡುವಾಗ ನೆನಪಾಗ್ಬೇಕು

ಪ್ರವೀಣ: ಬಹುರೂಪಿ ಮೈಗೆ ಕಬ್ಬಿಣ ಕಟ್ಕೊಂಡು ಬಂದ್ರೆ?

ಇಮ್ತಿಯಾಜ್: ಅವಳು ತೂಕ ನೋಡ್ತಾಳೆ ಅಂತ ಅದಕ್ಕೆ ಗೊತ್ತಾಗ್ಬೇಕಲ್ಲ. ನೆನಪು ಓದಿದ್ದು ಹಿಡಿದ ದಿನ. ಈ ಯೋಚನೆ ಬಂದದ್ದು ಆಮೇಲೆ

ಫ್ಲೇವಿಯಾ: ಹೌದು. ಕದ್ದವರ ಹತ್ರ ಹಳೇ ಮೀರಾ ಇದ್ದಾಳೆ ಅಷ್ಟೇ

ಹರೀಶ: ಇದು ಭಾರಿ ಆಯ್ತು... ಆದ್ರೂ ಒಂದು ಹೇಳ್ತೇನೆ. ಈ ಕತೆಯ ಜೀವ ಇರುದು ಓಟದಲ್ಲಿ. ಕ್ಯಾಸಿನಿ ನೌಕೆ 1997 ಅಕ್ಟೋಬರಲ್ಲಿ ಹೊರಟು ಶನಿ ಮುಟ್ಟಿದ್ದು 2004 ಜುಲೈಗೆ. ನನ್ನ ಸುಧನ್ವ ಒಂಬತ್ತು ದಿನದಲ್ಲಿ ಹೋಗ್ತಾನೆ

ಇಮ್ತಿಯಾಜ್: ಅದು ಸರಿ ಉಂಟು, ನಾನು ಲೆಕ್ಕ ಹಾಕಿ ನೋಡಿದೆ. ಅರ್ಧ ದಾರಿ ನಮ್ಮ ಭೂಮಿಯ ಗುರುತ್ವದಷ್ಟೇ ವೇಗ ಹೆಚ್ಚಿಸ್ತಾ ಹೋಗಿ ಉಳಿದರ್ಧ ಹಾಗೇ ಬ್ರೇಕ್ ಹಾಕಿದ್ರೆ ಒಂಬತ್ತು ದಿನಕ್ಕೆ ಹತ್ರ ಬರ್ತದೆ

ಹರೀಶ: ಆ ಒಂಬತ್ತು ದಿನ ಇಂಜಿನ್ ಕಾದು, ಎಣ್ಣೆ ಮುಗಿದು, ನಿದ್ದೆ ಇಲ್ಲದೆ ಅವನು ಹೋಗುದನ್ನು ಹನ್ನೆರಡು ಪುಟ ಬರ್ದಿದ್ದೇನೆ. ಅದಕ್ಕಾಗಿ ಓದುದು ಜನ. ಕೊನೆಗೆ ಕುರ್ಚಿಯಲ್ಲಿ ಕೂರಿಸಿ ತೂಕ ಮಾಡಿದ್ರೆ ಆ ಓಟ ಎಲ್ಲ ಎಲ್ಲಿಗೆ ಹೋಯ್ತು?

ವಿನೀತಾ: ಹರೀಶ, ಆ ಹನ್ನೆರಡು ಪುಟದಲ್ಲಿ ಮೀರಾ ಎಂತ ಮಾಡ್ತಾ ಇದ್ದಾಳೆ? ಹುಡುಕಿದೆ ನಾನು, ಅವಳ ಹೆಸರು ಬರುದು ಸುಧನ್ವನ ನೆನಪಿನಲ್ಲಿ ಮಾತ್ರ. ಅವಳಿಗೂ ಒಂಬತ್ತು ದಿನ ಆಯ್ತಲ್ಲ. ದಿನಕ್ಕೊಬ್ಬ ಸುಧನ್ವ ಬಾಗಿಲು ತೆಗೆದು ಬರ್ಬಹುದು ಅವಳ ಹತ್ರ, ಬಾ ಹೋಗುವ ಅಂತ ಕರೀಬಹುದು, ಅವಳು ಎದ್ದು ಹೋಗ್ಬಾರದು. ಅಷ್ಟು ದಿನ ಅವನ ಮುಖವನ್ನೇ ನೋಡಿ ಅವನಲ್ಲ ಅಂತ ಹೇಳ್ತಾ ಕೂತ್ಕೊಳ್ಳುದು ಎಷ್ಟು ಕಷ್ಟ ಯೋಚನೆ ಮಾಡು. ಅವನು ಇಂಜಿನ್ ರಿಪೇರಿ ಮಾಡುವಾಗ ಇವಳು ಕೋಣೆಯ ಸೀಟು ಬಿಚ್ಚಿ ಸ್ಪ್ರಿಂಗ್ ತೆಗಿಲಿ. ಒಂದು ಪುಟ ಅವನದ್ದು, ಒಂದು ಪುಟ ಇವಳದ್ದು. ಓಟ ಎಲ್ಲಿಗೂ ಹೋಗುದಿಲ್ಲ, ಇಬ್ಬರೂ ಓಡಿದ ಹಾಗೆ ಆಗ್ತದೆ. ಬಿಡಿಸಿ ತರ್ಲಿಕ್ಕೆ ಅವಳೇನು ಸಾಮಾನಲ್ಲ

ಶಶಿಕಲಾ: ದಿನಕ್ಕೊಬ್ಬ ಸುಧನ್ವ ಬರುದು ಓದುವಾಗ ನನಗೆ ಈಗಲೇ ಹೆದರಿಕೆ ಆಯ್ತು

ಗುರುದತ್ತ: ಅದನ್ನೇ ಬರಿ ಹರೀಶ. ಅಶೋಕವನದ ದುಃಖ ಅಲ್ಲಿಯೇ ಇರುದು

ಪ್ರವೀಣ: ಸರಿ ದಿನಕ್ಕೊಬ್ಬ ಬರುದು ನನಗೂ ಹಿಡಿಸ್ತು. ಆದ್ರೆ ಅಪ್ಪಿಕೊಳ್ಳುದು ಬೇಕೇ ಬೇಕು, ಅದನ್ನು ಮುಟ್ಟಿದ್ರೆ ನಾನು ಗ್ರೂಪ್ ಬಿಡ್ತೇನೆ

ವಿನೀತಾ: ಇರ್ಲಿ. ಕುರ್ಚಿ ನಿಧಾನ ಆಡಿದ ಮೇಲೆ

ಹರೀಶ: ಒಂದು ಕೇಳ್ತೇನೆ ವಿನೀತಾ. ಅಷ್ಟು ದೂರ ಬಂದವನನ್ನು ಮೊದಲು ಇಲ್ಲಿ ಕೂತ್ಕೊ ಅಂದ್ರೆ ಸುಧನ್ವನಿಗೆ ಬೇಸರ ಆಗ್ಬೇಕಾ? ಒಂದು ಮಾತಾದ್ರೂ ಆಡ್ತಾನಲ್ಲ ಅವನು

ವಿನೀತಾ: ಬೇಸರ ಮಾಡಿದ್ರೆ ಅವನು ಅವಳ ಸ್ನೇಹಿತ ಅಲ್ಲ. ಅವಳು ಹೇಳುವ ಮೊದಲೇ ಆ ಸೀಟು ಸ್ಪ್ರಿಂಗ್ ನೋಡಿ ಅವನಿಗೆ ಅರ್ಥ ಆಗ್ಬೇಕು, ಬಾಯಿಬಿಡದೆ ಹೋಗಿ ಕೂತ್ಕೊಳ್ಬೇಕು. ಅಷ್ಟು ದಿನ ಬಂದ ಒಬ್ಬನೂ ಹಾಗೆ ಮಾಡಿರಬಾರದು

ಹರೀಶ: ಆಯ್ತು. ಮೂರನೇ ಪುಟದಿಂದ ಮತ್ತೆ ಬರೀತೇನೆ. ಇಮ್ತಿಯಾಜ್ ಆ ಕುರ್ಚಿ ಎಷ್ಟು ಸೆಕೆಂಡಿಗೆ ಒಂದು ಸಲ ಆಡ್ತದೆ ಲೆಕ್ಕ ಹಾಕಿ ಕಳಿಸು, ಶಶಿ ನಿನಗೆ ದೋಣಿಯ ವಿಷಯಕ್ಕೆ ಸಂಜೆ ಫೋನ್ ಮಾಡ್ತೇನೆ. ಭಾನುವಾರ ರಾತ್ರಿ ಹೊಸ ಪಿಡಿಎಫ್ ಹಾಕ್ತೇನೆ

ಪ್ರವೀಣ: ನಾಲ್ಕು ನಿಮಿಷ ತೆಗಿಬೇಡ