30 ಸಾವಿರದೊಳಗೆ ಹಳೇ 100 ಸಿಸಿ ಬೈಕು: ಅಂಕೋಲಾ–ಕಾರವಾರ ದಿನದ ಓಡಾಟಕ್ಕೆ, ಕಲಿಯೋದಕ್ಕೂ ಅದೇ

ಹೊಸ_ಸವಾರ:
ಎಲ್‌ಎಲ್ (ಕಲಿಯೋರ ಲೈಸೆನ್ಸ್) ಕೈಗೆ ಬಂದಿದೆ, ಗೇರ್ ಗಾಡಿ ಇನ್ನೂ ಸರಿಯಾಗಿ ಬರೋದಿಲ್ಲ. ಲೈಸೆನ್ಸ್ ಆದಮೇಲೆ ಅಂಕೋಲಾದಿಂದ ಕಾರವಾರಕ್ಕೆ ದಿನಾ ಹೋಗಿ ಬರಬೇಕು, ಆಗೀಗ ಶಿರಸಿಗೂ. 30 ಸಾವಿರ ದಾಟೋ ಹಾಗಿಲ್ಲ. ಎರಡು ಗಾಡಿ ಕಣ್ಣಿಗೆ ಬಿದ್ದಿವೆ. ಒಂದು 2012ರ ಸ್ಪ್ಲೆಂಡರ್, ಕೆಎ-30 ಅಂದ್ರೆ ಕಾರವಾರದ ನಂಬರ್, 46 ಸಾವಿರ ಕಿ.ಮೀ. ತೋರಿಸ್ತದೆ, 28 ಸಾವಿರ ಹೇಳ್ತಾರೆ. ಇನ್ನೊಂದು 2017ರ ಸಿಟಿ100, ಕಾಣಕೋಣದ್ದು, ಗೋವಾ ನಂಬರ್, 22 ಸಾವಿರಕ್ಕೇ ಕೊಡ್ತಾರಂತೆ. ಯಾವುದು ಒಳ್ಳೇದು? ನೋಡೋಕೆ ಹೋದಾಗ ಏನೇನು ಪರೀಕ್ಷೆ ಮಾಡ್ಬೇಕು?

ಪಾನಾ_ಪಕ್ಕಡ್:
ಮೀಟರನ್ನ ಮರೆತುಬಿಡಿ. ಕೇಬಲ್ ಕಟ್ಟಾದ ಮೀಟರ್ ವರ್ಷಗಟ್ಟಲೆ ಅಲ್ಲೇ ನಿಂತಿರ್ತದೆ. ನಮ್ಮ ಕಡಲ ತೀರದಲ್ಲಿ ಗಾಡಿ ಓಡಿ ಹಾಳಾಗೋದಕ್ಕಿಂತ ಉಪ್ಪುಗಾಳಿಗೆ ನಿಂತು ಹಾಳಾಗೋದೇ ಜಾಸ್ತಿ. ಎಂಜಿನ್ನಿಗೆ ರಿಪೇರಿ ಇದೆ, ತುಕ್ಕು ತಿಂದ ಚಾಸಿಗೆ ಇಲ್ಲ.

ಬೆಳಿಗ್ಗೆ ಹೋಗಿ. ಮೊದಲು ಎಂಜಿನ್ ಮುಟ್ಟಿ ನೋಡಿ, ಬಿಸಿ ಇದ್ರೆ ನೀವು ಬರೋದರೊಳಗೆ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ ಅಂತಲೇ ಅರ್ಥ. ಆರೋ ತನಕ ಕಾಯಿರಿ, ಇಲ್ಲಾ ಇನ್ನೊಂದು ದಿನ ಬನ್ನಿ. ತಣ್ಣಗಿರೋ ಎಂಜಿನ್ ಚೋಕ್ ಎಳೆದು ಎರಡು ಮೂರು ಕಿಕ್ಕಿಗೆ ಹತ್ತಬೇಕು. ಚಳಿ ಹೊತ್ತಲ್ಲಿ ಬಿಳಿ ಹೊಗೆ ಸ್ವಲ್ಪ ಬಂದು ನಿಂತ್ರೆ ಅದು ಬರೇ ನೀರಿನ ಆವಿ. ನೀಲಿ ಹೊಗೆ ಬಂದ್ರೆ ಆಯಿಲ್ ಸುಡ್ತಿದೆ. ಸ್ಟಾರ್ಟ್ ಆದಾಗ ಮಾತ್ರ ಬಂದು ನಿಂತ್ರೆ ವಾಲ್ವ್ ಸೀಲ್, ಅದು ಸಣ್ಣ ಕೆಲಸ. ಎಕ್ಸಲರೇಟರ್ ಕೊಟ್ಟಾಗೆಲ್ಲ ಬಂದ್ರೆ ಪಿಸ್ಟನ್ ರಿಂಗು, ಸಿಲಿಂಡರಿನ ಬೋರು ಸವೆದಿದೆ. ಹಾಗಿದ್ರೆ ಆ ಗಾಡಿ ಬೇಡ.

ಆಮೇಲೆ ನೆಲಕ್ಕೆ ಕೂತು ಕೆಳಗೆ ನೋಡಿ. ಮೇನ್ ಸ್ಟ್ಯಾಂಡ್ ಚಾಸಿಗೆ ಕೂಡೋ ಜಾಗ, ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡಿದಿರೋ ತೋಳು) ಕೆಳಭಾಗ, ಹಿಂದಿನ ಮಡ್‌ಗಾರ್ಡಿನ ಒಳಮಗ್ಗುಲು. ಹೊಸ ಕಪ್ಪು ಪೇಂಟ್ ಹೊಡೆದಿದ್ರೆ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ. ಗಟ್ಟಿ ಲೋಹ ಟಣ್ ಅಂತದೆ, ಕೊಳೆತದ್ದು ಮಂದ ಸದ್ದು ಮಾಡ್ತದೆ, ಪೇಂಟ್ ಹಪ್ಪಳದ ಹಾಗೆ ಏಳ್ತದೆ. ಟ್ಯಾಂಕಿನೊಳಗೆ ಮೊಬೈಲ್ ಟಾರ್ಚ್ ಬಿಟ್ಟು ನೋಡಿ. ಕೆಂಪು ಪುಡಿ ಕಂಡ್ರೆ ಅದು ಕಾರ್ಬೊರೇಟರಿಗೆ ಇಳಿದು ಜೆಟ್ (ಪೆಟ್ರೋಲ್ ಹೋಗೋ ಸಣ್ಣ ತೂತು) ಕಟ್ಟಿಸ್ತದೆ, ಗಾಡಿ ದಾರಿ ಮಧ್ಯೆ ಕೆಮ್ಮಿ ನಿಲ್ತದೆ.

ಮುಂದಿನ ಫೋರ್ಕಿನ ಹೊಳೆಯೋ ರಾಡಿಗೆ ಉಗುರು ಆಡಿಸಿ. ಸೂಜಿ ಚುಚ್ಚಿದಂಥ ಗುಂಡಿ ಸಿಕ್ಕಿದ್ರೆ ಹೊಸ ಆಯಿಲ್ ಸೀಲ್ ಹಾಕಿದ್ರೂ ಆ ಗುಂಡಿಯೇ ಹರಿದು ಹಾಕ್ತದೆ. ಮುಂದಿನ ಚಕ್ರ ಎತ್ತಿ ಹ್ಯಾಂಡಲ್ ನಿಧಾನ ತಿರುಗಿಸಿ. ನಟ್ಟನಡುವೆ ಕಚ್ಚಿದ ಹಾಗಾದ್ರೆ ಕೋನ್ ಸೆಟ್ (ಹ್ಯಾಂಡಲಿನ ಬೇರಿಂಗ್) ಹೋಗಿದೆ. ಹಿಂದಿನ ಚಕ್ರ ಎಡಬಲ ಅಲ್ಲಾಡಿದ್ರೆ ಸ್ವಿಂಗ್ ಆರ್ಮ್ ಬುಶ್ ಸವೆದಿದೆ. ಈ ಎರಡಕ್ಕೂ ಬೆಲೆ ಇಳಿಸಿ ಕೇಳಬಹುದು, ಗಾಡಿ ಬಿಡಬೇಕಾಗಿಲ್ಲ.

ಟಯರಿನ ಬದಿಯಲ್ಲಿ ನಾಲ್ಕು ಅಂಕಿ ಇರ್ತದೆ: 2319 ಅಂದ್ರೆ 2019ರ 23ನೇ ವಾರದ ಟಯರು. ಗ್ರಿಪ್ಪಿನ ಗೀಟು ಎಷ್ಟೇ ಚೆನ್ನಾಗಿದ್ರೂ ಅಷ್ಟು ಹಳೇ ರಬ್ಬರ್ ಮಳೇಲಿ ಹಿಡಿಯೋದಿಲ್ಲ. ಇನ್ನೊಂದು: ಆ ಸ್ಪ್ಲೆಂಡರಿನ ಹೆಡ್‌ಲೈಟ್ ಐಡಲಿನಲ್ಲಿ ಮಂಕಾಗೋದು ಕಂಡು ಹೆದರಬೇಡಿ. ಆ ಕಾಲದ ಗಾಡೀಲಿ ಅದಕ್ಕೆ ಕರೆಂಟು ಎಂಜಿನ್ ಕಾಯಿಲಿನಿಂದ ಬರ್ತದೆ, ಬ್ಯಾಟರಿಯಿಂದ ಅಲ್ಲ. ಹಾರ್ನು, ಇಂಡಿಕೇಟರ್ ಮಂಕಾದ್ರೆ ಬ್ಯಾಟರಿ ನೋಡಿ.

ಆರ್‌ಸಿ_ಪುಸ್ತಕ:
ಗೋವಾ ಗಾಡಿ ಅಗ್ಗ ಯಾಕೆ ಅಂದ್ರೆ ಉಳಿದ ಖರ್ಚು ನಿಮ್ಮ ತಲೆಗೆ ಬರ್ತದೆ. ಅಲ್ಲಿಯ ಆರ್‌ಟಿಒದಿಂದ ಫಾರ್ಮ್ 28ರಲ್ಲಿ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕು, ಕಾರವಾರದಲ್ಲಿ ಕರ್ನಾಟಕದ ಟ್ಯಾಕ್ಸ್ ಕಟ್ಟಬೇಕು, ಹೊಸ ನಂಬರ್, ಹೊಸ ಪ್ಲೇಟು. ಬೇರೆ ರಾಜ್ಯದ ನಂಬರಿನಲ್ಲಿ ಇಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳೋ ಹಾಗಿಲ್ಲ. ಎನ್‌ಒಸಿ ಕೈಗೆ ಬಾರದೆ ದುಡ್ಡು ಕೊಡಲೇಬೇಡಿ. ನಿಮಗೆ 6 ಸಾವಿರ ಉಳಿಯೋದು ಕಾಗದದ ಮೇಲೆ ಮಾತ್ರ.

ಸ್ಪ್ಲೆಂಡರಿಗೆ ಬೇರೆ ಲೆಕ್ಕ ಇದೆ. 2012ರದ್ದು ಅಂದ್ರೆ 2027ಕ್ಕೆ 15 ವರ್ಷ. ಆರ್‌ಸಿ (ನೋಂದಣಿ ಪತ್ರ) ರಿನ್ಯೂ ಮಾಡಿಸೋಕೆ ಗಾಡಿ ಆರ್‌ಟಿಒ ಎದುರು ನಿಲ್ಲಿಸಬೇಕು. ಹ್ಯಾಂಡಲ್ ಕೆಳಗಿನ ಕೊಳವೆ ಮೇಲೆ ಚಾಸಿ ನಂಬರ್ ಕೊರೆದಿರ್ತದೆ, ಈಗಲೇ ಪೆನ್ಸಿಲ್ ಪ್ರಿಂಟ್ ತೆಗೆದು ನೋಡಿ. ತುಕ್ಕಿಗೆ ಒಂದು ಅಂಕಿ ಅಳಿಸಿದ್ರೂ ಅಲ್ಲಿ ತಕರಾರು ಏಳ್ತದೆ. ಇದೇ ಮಾತು ಹೇಳಿ ಬೆಲೆ ಇಳಿಸಿ, 28 ಸಾವಿರ ಜಾಸ್ತಿಯೇ ಆಯ್ತು. ಶಿರಸಿ ಕಡೆಯ ಕೆಎ-31 ಗಾಡಿಗಳನ್ನೂ ಹುಡುಕಿ. ನಂಬರ್ ಬದಲಾಗೋದಿಲ್ಲ, ಮೇಲಾಗಿ ಅವು ಉಪ್ಪುಗಾಳಿ ಕಂಡಿರೋದಿಲ್ಲ.

ಎಂ-ಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿ ಇನ್ಶೂರೆನ್ಸ್, ಸಾಲ ನೋಡಿ. ಸಾಲ ತೀರಿಯೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿದ್ರೆ ಅದನ್ನ ತೆಗೆಸೋ ಫಾರ್ಮ್ 35 ಮಾರೋರಿಂದಲೇ ಮಾಡಿಸಿ. ಹೆಸರು ವರ್ಗಾವಣೆಯ ಫಾರ್ಮ್ 29, 30ಕ್ಕೆ ಸಹಿ ಆದ 14 ದಿನದೊಳಗೆ ಅರ್ಜಿ ಹಾಕಿ, ಇನ್ಶೂರೆನ್ಸೂ ನಿಮ್ಮ ಹೆಸರಿಗೆ ಮಾಡಿಸಿ.

ಎಲ್‌ಎಲ್ ಬಗ್ಗೆ: 6 ತಿಂಗಳು ಚಾಲ್ತಿ, 30 ದಿನ ಆದಮೇಲೆ ಟೆಸ್ಟ್. ಹಿಂದೆ ಮುಂದೆ ಕೆಂಪು ಎಲ್ ಅಕ್ಷರ. ಹಿಂದೆ ಕೂರೋರು ಲೈಸೆನ್ಸ್ ಇದ್ದು ಕಲಿಸೋರೇ ಆಗಿರ್ಬೇಕು. ಟೆಸ್ಟನ್ನ ಗೇರ್ ಬೈಕಿನಲ್ಲೇ ಕೊಡಿ; ಸ್ಕೂಟರಿನಲ್ಲಿ ಕೊಟ್ರೆ ಗೇರಿಲ್ಲದ್ದಕ್ಕೆ ಮಾತ್ರ ಸಿಗ್ತದೆ.

ಘಟ್ಟದ_ಮೇಲೆ:
ಮೇಲೆ ಹೇಳಿದ್ದೆಲ್ಲ ಸರಿ, ಶಿರಸಿ ದಾರಿ ಬಗ್ಗೆ ಯಾರೂ ಹೇಳಲಿಲ್ಲ. ಹೊಸಬರು ಘಟ್ಟ ಇಳಿಯುವಾಗ ಪೆಟ್ರೋಲ್ ಉಳೀತದೆ ಅಂತ ನ್ಯೂಟ್ರಲ್ ಹಾಕ್ತಾರೆ, ಅದಕ್ಕಿಂತ ಅಪಾಯದ್ದು ಇಲ್ಲ. ಈ ಎರಡೂ ಗಾಡಿಗೆ ಡ್ರಮ್ ಬ್ರೇಕು. ಒಂದೇ ಸಮ ಒತ್ತಿ ಹಿಡಿದ್ರೆ ಶೂ ಕಾದು ಹಿಡಿತ ಬಿಡ್ತದೆ. ಕುಮಟಾ–ಶಿರಸಿ ದಾರಿಯ ದೇವಿಮನೆ ಘಟ್ಟ ಇಳೀವಾಗ ಎರಡನೇ ಗೇರು, ಕಡಿದಾದಲ್ಲಿ ಒಂದನೇದು, ಕ್ಲಚ್ ಬಿಟ್ಟೇ ಇರಲಿ. ತಿರುವಿಗೆ ಮೊದಲೇ ಬ್ರೇಕ್ ಒತ್ತಿ, ಬಿಡಿ, ತಿರುವಿನೊಳಗೆ ಬೇಡ. ಮಳೆಗಾಲದಲ್ಲಿ ದೇವಿಮನೆ ಬಂದ್ ಆದ್ರೆ ಅರಬೈಲ್ ಘಟ್ಟ ಹತ್ತಿ ಯಲ್ಲಾಪುರದ ಮೇಲೆ ಸುತ್ತಬೇಕು, ಅಲ್ಲಿ ಲಾರಿ ಸಾಲು ವಿಪರೀತ. ಕಲಿಯೋ ವರ್ಷ ಆ ದಾರಿಗೆ ಬಸ್ಸೇ ಸೈ.

ನೀರು ನಿಂತ ರಸ್ತೆ ದಾಟಿದ ಮೇಲೆ ಡ್ರಮ್ಮಿನೊಳಗೆ ನೀರು ಇರ್ತದೆ. ಮೊದಲ ಒತ್ತಿಗೆ ಬ್ರೇಕ್ ಹಿಡಿಯೋದಿಲ್ಲ. ನಿಧಾನ ಹೋಗ್ತಾ ಎರಡೂ ಬ್ರೇಕ್ ಹಗೂರಾಗಿ ತಾಗಿಸಿಟ್ಟುಕೊಳ್ಳಿ, ಒಣಗಿ ಹಿಡಿತ ಬರ್ತದೆ. ಕಾರವಾರದ ಹತ್ತಿರ ಬಿಣಗಾ ದಾಟಿ ಸುರಂಗ ಹೊಕ್ಕುವಾಗ ಹೆಡ್‌ಲೈಟ್ ಹಾಕಿರಿ, ಹೆಲ್ಮೆಟ್ಟಿಗೆ ಕಪ್ಪು ಗಾಜು ಬೇಡ.

ಹೊಸ_ಸವಾರ:
ಎಲ್ಲರಿಗೂ ಧನ್ಯವಾದ. ಗೋವಾ ಗಾಡಿ ಬಿಟ್ಟೆ. ತುಕ್ಕು ಹಿಡಿಯದಿರಲಿ ಅಂತ ಮಳೆಗಾಲಕ್ಕೆ ಮೊದಲು ಗಾಡಿ ಕೆಳಗೆ ಡೀಸೆಲ್ ಸ್ಪ್ರೇ ಹೊಡೆಸು ಅಂತಾರೆ, ಮಾಡ್ಬಹುದಾ? ಚೈನಿಗೆ ಹಳೇ ಎಂಜಿನ್ ಆಯಿಲ್ ಸಾಕಾ?

ಪಾನಾ_ಪಕ್ಕಡ್:
ಡೀಸೆಲ್ ಬೇಡ. ರಬ್ಬರ್ ಬುಶ್ ಉಬ್ಬಿಸ್ತದೆ, ಬ್ರೇಕ್ ಶೂಗೆ ತಾಗಿದ್ರೆ ಹಿಡಿತವೇ ಹೋಯ್ತು, ಮೇಲಿಂದ ಧೂಳನ್ನೂ ಹಿಡಿದಿಟ್ಟುಕೊಳ್ತದೆ. ತುಕ್ಕು ಎದ್ದಲ್ಲಿ ಉಜ್ಜಿ ರೆಡ್ ಆಕ್ಸೈಡ್ ಹೊಡೆದು ಕಪ್ಪು ಪೇಂಟ್ ಬಳಿಯಿರಿ. ವಾರಕ್ಕೊಮ್ಮೆ ಸಿಹಿನೀರಿನಲ್ಲಿ ಕೆಳಭಾಗ ತೊಳೀರಿ, ಎಂಜಿನ್ ತಣ್ಣಗಾದ ಮೇಲೆ.

ಹಳೇ ಆಯಿಲಿನಲ್ಲಿ ಲೋಹದ ಪುಡಿ ಇರ್ತದೆ. 90 ನಂಬರ್ ಗೇರ್ ಆಯಿಲ್ ತಗೊಳ್ಳಿ, ಮಳೇಲಿ 400–500 ಕಿ.ಮೀ.ಗೊಮ್ಮೆ ಹಾಕಿ. ಸ್ಪ್ಲೆಂಡರಿನ ಚೈನ್ ಪೂರ್ತಿ ಕವರಿನೊಳಗಿರ್ತದೆ, ಕಣ್ಣಿಗೆ ಬೀಳದೆ ತುಕ್ಕು ಹಿಡೀತದೆ. ಕವರಿನ ರಬ್ಬರ್ ಮುಚ್ಚಳ ತೆಗೆದು ಬೆರಳಿಂದ ಮೇಲೆ ಕೆಳಗೆ ಆಡಿಸಿ: 2ರಿಂದ 3 ಸೆಂ.ಮೀ. ಆಟ ಇರ್ಬೇಕು. ಬಿಗಿ ಮಾಡಿಸಿದ್ರೆ ಬೇರಿಂಗ್ ತಿಂತದೆ.

ಎಂಜಿನ್ ಆಯಿಲ್ 10ಡಬ್ಲ್ಯೂ-30, ಡಬ್ಬದ ಮೇಲೆ ಜಾಸೋ ಎಂಎ (ಬೈಕಿನ ಆಯಿಲಿನ ಗುರುತು) ಅಂತ ಇರ್ಬೇಕು. ಕಾರಿನ ಆಯಿಲ್ ಹಾಕಿದ್ರೆ ಕ್ಲಚ್ ಜಾರಬಹುದು. ಕೊಂಡ ದಿನವೇ ಬದಲಾಯಿಸಿ, ಹಿಂದಿನವರು ಯಾವಾಗ ಹಾಕಿದ್ದು ಅಂತ ಯಾರಿಗೆ ಗೊತ್ತು. ಡಿಪ್‌ಸ್ಟಿಕ್ ತಿರುಪದೆ ಸುಮ್ಮನೆ ಇಳಿಸಿ ಮಟ್ಟ ನೋಡಿ.

ರಾತ್ರಿ ನಿಲ್ಲಿಸುವಾಗ ಪೆಟ್ರೋಲ್ ಕಾಕ್ ಬಂದ್ ಮಾಡಿ. ಈಗಿನ ಎಥೆನಾಲ್ ಪೆಟ್ರೋಲು ನೀರು ಎಳ್ಕೊಳ್ತದೆ, ಆ ನೀರು ಕಾರ್ಬೊರೇಟರಿನ ತಳಕ್ಕೆ ಸೇರ್ತದೆ. ಬೆಳಿಗ್ಗೆ ಸ್ಟಾರ್ಟ್ ಆಗದಿದ್ರೆ ತಳದ ಡ್ರೈನ್ ಸ್ಕ್ರೂ ಸಡಿಲಿಸಿ ಒಂದಿಷ್ಟು ಇಳಿಸಿಬಿಡಿ, ಆಮೇಲೆ ಪ್ಲಗ್ ಕ್ಯಾಪ್ ಒಣಗಿಸಿ. ಸೀಟಿನ ಕೆಳಗೆ ಪ್ಲಗ್ ಪಾನಾ, ಒಂದು ಹೊಸ ಪ್ಲಗ್, ಒಂದು ಕ್ಲಚ್ ಕೇಬಲ್ ಸದಾ ಇರಲಿ.