ಅಪ್‌ಡೇಟ್: ಅಪ್ಪನ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಮಿಂಟ್ ಹಾಕಿದೆ
2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು, ಅಪ್ಪನ ಹಳೆಯ ಲ್ಯಾಪ್‌ಟಾಪ್ ವಿಂಡೋಸ್ 11ಕ್ಕೆ ಒಗ್ಗುವುದಿಲ್ಲ, ಏನು ಮಾಡಲಿ ಎಂದು ಕೇಳಿದ್ದೆ. ನೀವು ಹೇಳಿದಂತೆ ವಿಂಡೋಸ್ ಬದಲಿಗೆ ಬಳಸಬಹುದಾದ ಉಚಿತ ಕಾರ್ಯಾಚರಣೆ ವ್ಯವಸ್ಥೆಯಾದ ಮಿಂಟ್ ಅನ್ನು ಮೊದಲು ಪೆನ್‌ಡ್ರೈವ್‌ನಿಂದಲೇ ಓಡಿಸಿ ವೈಫೈ, ಪ್ರಿಂಟರ್ ಪರೀಕ್ಷಿಸಿ, ಆಮೇಲೆ ಅಳವಡಿಸಿದೆ.

ಫೈರ್‌ಫಾಕ್ಸ್‌ನಲ್ಲಿ ಪತ್ರಿಕೆ ಓದುವುದು ಮೊದಲ ದಿನವೇ ಸಲೀಸಾಯಿತು. ತೊಡಕಾದದ್ದು ಕನ್ನಡ ಟೈಪಿಂಗ್. ಬೇರೆ ಬೇರೆ ಭಾಷೆಗಳಲ್ಲಿ ಟೈಪ್ ಮಾಡಲು ನೆರವಾಗುವ ಐಬಸ್ ತಂತ್ರಾಂಶದ ಜೊತೆಗೆ, ಅದಕ್ಕೆ ಕನ್ನಡದ ಕೀಲಿಮಣೆಗಳನ್ನು ಒದಗಿಸುವ ಎಂ17ಎನ್ ಹಾಕಿ, ನುಡಿ ತಂತ್ರಾಂಶದಲ್ಲಿರುವ ಕೆಜಿಪಿ ಕೀಲಿಮಣೆ ವಿನ್ಯಾಸ ಆರಿಸಿದೆ. ಅಪ್ಪನ ಬೆರಳುಗಳಿಗೆ ವರ್ಷಗಳಿಂದ ರೂಢಿಯಾಗಿದ್ದ ಕೀಲಿಗಳೇ ಸಿಕ್ಕವು! ಅಂದು ಸಂಜೆಯೇ ಲಿಬ್ರೆಆಫೀಸ್‌ನಲ್ಲಿ ಅತ್ತೆಗೆ ಎರಡು ಪುಟದ ಪತ್ರ ಬರೆದರು. ಅವರ ಮುಖ ನೋಡಿ ನನಗೆ ಕಣ್ಣು ತುಂಬಿತು.

ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗಳಿಗೂ ಅರ್ಥವಾಗುವ ಅಕ್ಷರ ಸಂಕೇತ ಪದ್ಧತಿ) ಅಲ್ಲದ ಹಳೆಯ ಕಡತಗಳು ಮಾತ್ರ ಇಂಗ್ಲಿಷ್ ಅಕ್ಷರಗಳ ಗೋಜಲಾಗಿ ಕಾಣುತ್ತಿವೆ. ಒಂದೊಂದನ್ನೇ ಯೂನಿಕೋಡ್‌ಗೆ ಪರಿವರ್ತಿಸುತ್ತಿದ್ದೇನೆ. ಕೆಜಿಪಿ ವಿನ್ಯಾಸದ ಸುಳಿವು ಕೊಟ್ಟವರಿಗೆ ಅಪ್ಪನ ನಮಸ್ಕಾರವನ್ನೂ ತಿಳಿಸುತ್ತಿದ್ದೇನೆ.